ಉತಾರ ಅಜ್ಜನ ಹೆಸರಲ್ಲಿ, ಕಾಲುವೆ ನಮ್ಮ ಹೊಲದ ನಡುವೆ: ಪರಿಹಾರ ಕೇಳೋದು ಹೇಗೆ?

ಪ್ರಶ್ನೆ: ನಮ್ಮದು ಹಾನಗಲ್ ತಾಲ್ಲೂಕು. ಒಟ್ಟು 5 ಎಕರೆ 12 ಗುಂಟೆ ಹೊಲ. ಸರ್ಕಾರದ ನೀರಾವರಿ ಕಾಲುವೆ ನಮ್ಮ ಹೊಲದ ನಡುವೆ ಹಾಯ್ದು ಹೋಗುತ್ತದೆ ಅಂತ ನೋಟಿಸ್ ಬಂದಿದೆ. 1 ಎಕರೆ 30 ಗುಂಟೆ ಹೋಗುತ್ತದೆ. ಉಳಿಯೋದು ಈ ಕಡೆ 3 ಎಕರೆ 8 ಗುಂಟೆ, ಕಾಲುವೆಯ ಆಚೆ 14 ಗುಂಟೆ. ಹೋಗುವ ಜಾಗದಲ್ಲೇ ಬೋರ್‌ವೆಲ್ ಮತ್ತು 11 ಮಾವಿನ ಗಿಡ ಇವೆ. ಉತಾರ (ಪಹಣಿ) ಇನ್ನೂ ಅಜ್ಜನ ಹೆಸರಲ್ಲಿದೆ. ಅಪ್ಪ ತೀರಿಕೊಂಡಿದ್ದಾರೆ. ನಾವು ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಅಕ್ಕಂದಿರು. ಸರ್ಕಾರಿ ದರದ ಲೆಕ್ಕದಲ್ಲಿ ಎಕರೆಗೆ 6 ಲಕ್ಷ ಹಿಡಿಯುತ್ತಾರಂತೆ. ಹೊರಗೆ ಅದರ ಎರಡರಷ್ಟಕ್ಕೂ ಭೂಮಿ ಸಿಗೋದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ದುಡ್ಡು ಬೇಗ ಬರುತ್ತದೆ, ಇಲ್ಲದಿದ್ದರೆ ಕೋರ್ಟಿಗೆ ಅಲೆಯಬೇಕು ಅಂತಾರೆ. ಭೂಮಿ ಕೊಡೋದಿಲ್ಲ ಅನ್ನೋಕೆ ಬರುತ್ತಾ? ದುಡ್ಡು ಬೇಡ ಅಂತ ವಾಪಸ್ ಕಳಿಸಿದರೆ ಕೇಸಿಗೆ ಬಲ ಬರುತ್ತಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ದರದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಎರಡು ವಿಷಯ ಬಿಟ್ಟಿದ್ದೀರಿ. ನೋಟಿಸಿನ ಮೇಲೆ ಯಾವ ಕಾಯ್ದೆ, ಯಾವ ಕಲಂ ಅಂತ ಬರೆದಿದ್ದಾರೆ? ಅದು ಯಾವ ತಾರೀಖಿಗೆ ಪ್ರಕಟವಾಯಿತು? ಧಾರವಾಡದಲ್ಲಿ ಇಷ್ಟು ವರ್ಷ ಇದೇ ಕೇಸುಗಳನ್ನು ನಡೆಸಿದ್ದೇನೆ. ದರ ಕಡಿಮೆ ಅಂತ ಸೋತವರಿಗಿಂತ ತಾರೀಖು ತಪ್ಪಿ ಸೋತವರನ್ನೇ ಜಾಸ್ತಿ ನೋಡಿದ್ದೇನೆ. ಹಾಗಾಗಿ ಮೊದಲು ಆ ಕಾಗದ ಕೈಗೆ ತಗೊಳ್ಳಿ.

ರಾಜ್ಯ ಸರ್ಕಾರದ ಕಾಲುವೆ ಅಂದ್ರೆ ಸಾಮಾನ್ಯವಾಗಿ 2013ರ ಭೂಸ್ವಾಧೀನ ಕಾಯ್ದೆ. 1894ರ ಬ್ರಿಟಿಷರ ಕಾಯ್ದೆಯನ್ನು ತೆಗೆದುಹಾಕಿ ತಂದದ್ದು, 2014ರ ಜನವರಿ 1ರಿಂದ ಜಾರಿಯಲ್ಲಿದೆ. ನೋಟಿಸಿನಲ್ಲಿ ಕಲಂ 11 ಅಂತಿದ್ದರೆ ಅದು ಪ್ರಾಥಮಿಕ ಅಧಿಸೂಚನೆ. ಅದು ಗೆಜೆಟ್, ಎರಡು ದಿನಪತ್ರಿಕೆ, ಪಂಚಾಯಿತಿ ಆಫೀಸು, ತಹಶೀಲ್ದಾರರ ಕಚೇರಿ ಎಲ್ಲ ಕಡೆ ಬರಬೇಕು. ಪ್ರಕಟವಾದ 60 ದಿನದೊಳಗೆ ನೀವು ಕಲಂ 15ರ ಕೆಳಗೆ ಲಿಖಿತ ತಕರಾರು ಕೊಡಬಹುದು. ಕೊಟ್ಟರೆ ನಿಮ್ಮ ಮಾತು ಕೇಳಲೇಬೇಕು. ಬಾಯಲ್ಲಿ ಹೇಳಿ ಬರುವುದು ತಕರಾರಲ್ಲ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಟಪಾಲು ಶಿಕ್ಕೆ ಹಾಕಿಸಿಕೊಂಡು ಬನ್ನಿ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಪುಣೆ-ಬೆಂಗಳೂರು ರಸ್ತೆ, ಹುಬ್ಬಳ್ಳಿ-ಗದಗ ರಸ್ತೆ ಇಂಥ ರಾಷ್ಟ್ರೀಯ ಹೆದ್ದಾರಿಗೆ ಭೂಮಿ ಹೋಗುವುದಾದರೆ ಕಾಯ್ದೆಯೇ ಬೇರೆ, 1956ರದ್ದು. ಅಲ್ಲಿ ನೋಟಿಸ್ 3ಎ ಅಂತ ಇರುತ್ತದೆ, ತಕರಾರಿಗೆ ಬರೀ 21 ದಿನ. ದರದ ಜಗಳ ಮೊದಲು ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಮುಂದೆ ಹೋಗುತ್ತದೆ. ಆದರೂ 2015ರ ಜನವರಿಯಿಂದ ಪರಿಹಾರದ ಲೆಕ್ಕ ಮಾತ್ರ 2013ರ ಕಾಯ್ದೆಯದ್ದೇ. ಕೈಗಾರಿಕೆಗೆ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ತಗೊಂಡರೆ 1966ರ ರಾಜ್ಯ ಕಾಯ್ದೆ, ಮೊದಲು ಕಲಂ 28(1)ರ ಪ್ರಾಥಮಿಕ ಅಧಿಸೂಚನೆ, ಆಮೇಲೆ 28(4)ರ ಅಂತಿಮ ಅಧಿಸೂಚನೆ. ಧಾರವಾಡದ ಬೇಲೂರು, ಮುಮ್ಮಿಗಟ್ಟಿ ಕಡೆಯವರಿಗೆ ಈ ನಂಬರು ಬಾಯಿಪಾಠ ಇರುತ್ತದೆ. ಹೆದ್ದಾರಿ ಕಾಯ್ದೆಯಂತೆ 2013ರ ಪರಿಹಾರದ ಲೆಕ್ಕ ಅನ್ವಯಿಸುವ ಕಾಯ್ದೆಗಳ ಪಟ್ಟಿ ನಾಲ್ಕನೇ ಅನುಸೂಚಿಯಲ್ಲಿದೆ, ಆ 1966ರ ಕಾಯ್ದೆ ಅದರಲ್ಲಿ ಇಲ್ಲ. ಹಾಗಾಗಿ ಕೆಳಗೆ ಹೇಳುವ ಲೆಕ್ಕವನ್ನು ಅಲ್ಲಿ ಸುಮ್ನೆ ಹಾಗೇ ಹಿಡಿಯಬೇಡಿ, ನಿಮ್ಮ ಕಾಗದವನ್ನು ವಕೀಲರಿಗೆ ತೋರಿಸಿ.

ಈಗ ನಿಮ್ಮ ಮೊದಲ ಪ್ರಶ್ನೆ: ಕೊಡೋದಿಲ್ಲ ಅನ್ನಬಹುದಾ? ಅನ್ನಬಹುದು, ಆದರೆ ಸರ್ಕಾರದ ಸ್ವಂತ ಕಾಲುವೆಗೆ ನಿಮ್ಮ ಒಪ್ಪಿಗೆ ಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಖಾಸಗಿ ಕಂಪನಿಗಾದರೆ ಶೇ. 80, ಸರ್ಕಾರ ಮತ್ತು ಖಾಸಗಿ ಸೇರಿ ಮಾಡುವುದಾದರೆ ಶೇ. 70 ಕುಟುಂಬಗಳ ಒಪ್ಪಿಗೆ ಬೇಕು. ನಿಮ್ಮದು ಎರಡೂ ಅಲ್ಲ. ಗದಗ ಜಿಲ್ಲೆಯ ಹಳ್ಳಿಗುಡಿಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಅಲ್ಲಿ ಭೂಮಿ ಹಿಡಿಯಲು ಹೊರಟಾಗ ರೈತರು ಎದ್ದು ನಿಂತರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಸರ್ಕಾರ ಕೈಬಿಟ್ಟಿತು. ನಿಜ. ಆದರೆ ಅದು ಬೀದಿಯಲ್ಲಿ ಗೆದ್ದದ್ದು, ಕೋರ್ಟಿನಲ್ಲಲ್ಲ. ಕಾಲುವೆಯ ವಿಷಯದಲ್ಲಿ ಪಕ್ಕದ ಊರಿನವರು ನೀರು ಬೇಕು ಅಂತ ಕಾಯುತ್ತಿರುತ್ತಾರೆ. ಅಲ್ಲಿ ನಿಮಗೆ ಅಂಥ ಬಲ ಸಿಗೋದು ಕಷ್ಟ.

1978ರ ತಿದ್ದುಪಡಿಯ ಮೇಲೆ ಆಸ್ತಿ ಮೂಲಭೂತ ಹಕ್ಕಾಗಿ ಉಳಿದಿಲ್ಲ. ಆದರೆ ಸಂವಿಧಾನದ 300ಎ ವಿಧಿ ಇದೆ: ಕಾನೂನಿನ ದಾರಿ ಬಿಟ್ಟು ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಆದ್ದರಿಂದ 60 ದಿನದ ತಕರಾರಿನಲ್ಲಿ ಬರೀ ‘ನಮ್ಮ ಭೂಮಿ ಬಿಡಿ’ ಅಂತ ಬರೆಯಬೇಡಿ. ಕಾಲುವೆಯನ್ನು ಹತ್ತಿಪ್ಪತ್ತು ಮೀಟರ್ ಸರಿಸಿದರೆ ಬೋರ್‌ವೆಲ್ ಉಳಿಯುತ್ತದೆಯೇ? ಬದುವಿನ ಗುಂಟ ಒಯ್ದರೆ 14 ಗುಂಟೆ ತುಂಡಾಗುವುದು ತಪ್ಪುತ್ತದೆಯೇ? ಅದನ್ನು ಒಂದು ನಕ್ಷೆ ಬರೆದು ಕೊಡಿ. ಎಂಜಿನಿಯರುಗಳು ಇಂಥದ್ದನ್ನು ಕೆಲವು ಸಲ ಒಪ್ಪುತ್ತಾರೆ. ಭೂಮಿಯೇ ಬೇಡ ಅನ್ನುವ ತಕರಾರನ್ನು ಮಾತ್ರ ಒಪ್ಪಿದ್ದು ನಾನು ಕಂಡಿಲ್ಲ.

ಇನ್ನು ಉತಾರ. ನಿಮ್ಮ ಪತ್ರದಲ್ಲಿ ನನಗೆ ದರಕ್ಕಿಂತ ಜಾಸ್ತಿ ಚಿಂತೆ ಹತ್ತಿದ್ದು ಇದೇ. 9ನೇ ಕಾಲಮ್ಮಿನಲ್ಲಿ ಅಜ್ಜನ ಹೆಸರಿದೆ ಅಂದ ಮೇಲೆ ಬರೀ ನೀವು ನಾಲ್ವರಲ್ಲ. ಅಪ್ಪನಿಗೆ ಅಕ್ಕತಂಗಿಯರು ಇದ್ದಾರಾ? ನೀವು ಬರೆದಿಲ್ಲ. ಇದ್ದರೆ ಆ ಸೋದರತ್ತೆಯರಿಗೂ, ಅವರು ತೀರಿಕೊಂಡಿದ್ದರೆ ಅವರ ಮಕ್ಕಳಿಗೂ ಪಾಲು ಕೇಳುವ ಹಕ್ಕು ಬರಬಹುದು. ನಿಮ್ಮ ಅಕ್ಕಂದಿರ ವಿಷಯದಲ್ಲಂತೂ ಅನುಮಾನವೇ ಬೇಡ. 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಸಮಕ್ಕೆ ತಂದಿತು. ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗೋದಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆಯಲ್ಲಿ ಬಂಗಾರ ಕೊಟ್ಟಿದ್ದೇವೆ, ಅವರು ಕೇಳೋದಿಲ್ಲ ಅನ್ನೋ ಮಾತನ್ನು ನಮ್ಮ ಕಡೆ ಎಲ್ಲ ಮನೆಯಲ್ಲೂ ಹೇಳುತ್ತಾರೆ. ಹೊಲ ಇರುವ ತನಕ ಕೇಳೋದಿಲ್ಲ. ಚೆಕ್ ಬರುತ್ತದೆ ಅಂದ ಕೂಡಲೇ ಅಳಿಯಂದಿರು ಫೋನ್ ಮಾಡುತ್ತಾರೆ.

ಅದರಲ್ಲಿ ತಪ್ಪೇನಿಲ್ಲ, ಅವರ ಪಾಲು ಅವರದ್ದು. ತೊಂದರೆ ಎಲ್ಲಿ ಅಂದ್ರೆ, ಹಂಚಿಕೆಯ ಜಗಳ ಎದ್ದರೆ ಅಧಿಕಾರಿ ಹಣವನ್ನು ಯಾರಿಗೂ ಕೊಡದೆ, ಇಂಥ ಜಗಳ ತೀರ್ಮಾನಿಸುವ ಭೂಸ್ವಾಧೀನ ಪ್ರಾಧಿಕಾರದಲ್ಲಿ ಜಮಾ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಅದು ಹೊರಗೆ ಬರಬೇಕಾದರೆ ನಿಮ್ಮ ನಿಮ್ಮಲ್ಲೇ ದಾವೆ ಮುಗಿಯಬೇಕು. ಕಾಲುವೆಯಲ್ಲಿ ನೀರು ಹರಿದು ಹಳೆಯದಾಗಿರುತ್ತದೆ, ಹಣ ಮಾತ್ರ ಅಲ್ಲೇ ಕೂತಿರುತ್ತದೆ. ಹಾಗಾಗಿ ಈ ವಾರವೇ ಎಲ್ಲರನ್ನೂ ಕೂರಿಸಿ ಮಾತಾಡಿ. ಅಜ್ಜ ಮತ್ತು ಅಪ್ಪನ ಮರಣ ದಾಖಲೆ, ವಂಶವೃಕ್ಷ ತಗೊಂಡು ನಾಡಕಚೇರಿಯಲ್ಲಿ ವಾರಸಾ ಅರ್ಜಿ ಹಾಕಿ. ಎಲ್ಲರ ಹೆಸರೂ ಬರಲಿ. ಅಧಿಸೂಚನೆ ಬಂದ ಮೇಲೆ ಎರಡು ತಿಂಗಳಲ್ಲಿ ಭೂದಾಖಲೆ ಸರಿಪಡಿಸಬೇಕು ಅಂತ ಕಲಂ 11ರಲ್ಲೇ ಅಧಿಕಾರಿಗೆ ಹೇಳಿದೆ. ಅರ್ಜಿಯಲ್ಲಿ ಅದನ್ನು ನೆನಪಿಸಿ. ಆದರೆ ಈಗ ಮಾರಾಟ, ದಾನಪತ್ರ, ಹೊಸ ಸಾಲಕ್ಕೆ ಒತ್ತೆ ಇವಕ್ಕೆ ಕೈ ಹಾಕಬೇಡಿ. ಅಧಿಸೂಚನೆಯ ಮೇಲೆ ಅಂಥ ವ್ಯವಹಾರಕ್ಕೆ ತಡೆ ಇದೆ. ಹಾಗೇ 11ನೇ ಕಾಲಮ್ಮು ನೋಡಿ. ಸೊಸೈಟಿ ಅಥವಾ ಬ್ಯಾಂಕಿನ ಬೋಜಾ (ಸಾಲದ ನಮೂದು) ಇದ್ದರೆ ಅವರೂ ಕೈ ಚಾಚುತ್ತಾರೆ. ತೀರಿದ ಸಾಲವಾಗಿದ್ದರೆ ಪತ್ರ ತಂದು ಕಡಿಮೆ ಮಾಡಿಸಿ.

ಈಗ ದರಕ್ಕೆ ಬರೋಣ. ‘ಸರ್ಕಾರಿ ದರ 6 ಲಕ್ಷ’ ಅಂದದ್ದು ಮಾರ್ಗಸೂಚಿ ಬೆಲೆ, ನೋಂದಣಿಗೆ ಸ್ಟಾಂಪು ಕಟ್ಟುವಾಗ ನೋಡುವುದು. ಕಲಂ 26 ಅದೊಂದನ್ನೇ ಹಿಡಿಯಿರಿ ಅನ್ನುವುದಿಲ್ಲ. ಅದನ್ನೂ, ಸುತ್ತಲಿನ ಅಂಥದೇ ಭೂಮಿಯ ನಿಜವಾದ ಮಾರಾಟದ ಸರಾಸರಿಯನ್ನೂ ಅಕ್ಕಪಕ್ಕ ಇಟ್ಟು, ಯಾವುದು ಜಾಸ್ತಿಯೋ ಅದನ್ನು ಹಿಡಿಯಿರಿ ಅನ್ನುತ್ತದೆ. ಸರಾಸರಿ ತೆಗೆಯುವ ರೀತಿಯೂ ರೈತನ ಕಡೆಗೇ ಇದೆ. ಹಿಂದಿನ ಮೂರು ವರ್ಷದ ಖರೀದಿ ಪತ್ರಗಳನ್ನು ಸೇರಿಸಬೇಕು. ಅದರಲ್ಲಿ ಹೆಚ್ಚು ಬೆಲೆಯ ಅರ್ಧ ಪತ್ರಗಳನ್ನು ಮಾತ್ರ ಇಟ್ಟುಕೊಳ್ಳಬೇಕು. 12 ಪತ್ರ ಸಿಕ್ಕರೆ ಮೇಲಿನ 6. ಕೆಳಗಿನ 6 ಲೆಕ್ಕಕ್ಕಿಲ್ಲ.

ಈ 12 ಪತ್ರಗಳನ್ನು ಯಾರು ಹುಡುಕುತ್ತಾರೆ? ಆಫೀಸಿನವರೂ ಹುಡುಕಬೇಕು. ಆದರೆ ಅವರಿಗೆ ಸಿಕ್ಕ ಪತ್ರವೇ ಸಿಕ್ಕಿತು ಅಂತ ನೀವು ಸುಮ್ನೆ ಕೂತರೆ ಕೆಟ್ಟಿರಿ. ನಿಮ್ಮ ಊರು ಮತ್ತು ಅಂಟಿಕೊಂಡ ಎರಡು ಮೂರು ಊರುಗಳ ಸರ್ವೆ ನಂಬರು ಬರೆದುಕೊಳ್ಳಿ. ಯಾರು ಯಾರಿಗೆ ಮಾರಿದ್ದಾರೆ ಅನ್ನುವುದು ಊರ ಕಟ್ಟೆಯಲ್ಲಿ ಕೂತರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಯಿರಿ. ಆಮೇಲೆ ಹಾನಗಲ್ಲಿನ ಸಬ್ ರಜಿಸ್ಟ್ರಾರ್ ಕಚೇರಿಯಿಂದ ಆ ಪತ್ರಗಳ ದೃಢೀಕೃತ ನಕಲು ತಗೊಳ್ಳಿ. ಜೆರಾಕ್ಸ್ ನಡೆಯೋದಿಲ್ಲ. ಅಧಿಕಾರಿ ಯಾವ ಪತ್ರ ಹಿಡಿದಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲೂ ಕೇಳಿ, 10 ರೂಪಾಯಿ ಶುಲ್ಕ, 30 ದಿನದ ಗಡುವು. ನೋಟಿಸ್ ಬಂದ ಮೇಲೆ ಯಾರೋ ಪಕ್ಕದ ಹೊಲವನ್ನು ಮೂರು ಪಟ್ಟಿಗೆ ಖರೀದಿ ತೋರಿಸಿದರೆ ಅದು ಉಪಯೋಗವಿಲ್ಲ. ಬೆಲೆ ನಿಲ್ಲುವುದು ಕಲಂ 11ರ ಅಧಿಸೂಚನೆಯ ದಿನಕ್ಕೆ.

ಇಲ್ಲೊಂದು ಕಹಿ ಮಾತು. ಹೊರಗೆ ಎಕರೆಗೆ ಇಷ್ಟು ನಡೆದಿದೆ ಅಂತ ಎಲ್ಲರಿಗೂ ಗೊತ್ತು, ಪತ್ರದಲ್ಲಿ ಮಾತ್ರ ಬೇರೆ ಇರುತ್ತದೆ. ಸ್ಟಾಂಪು ಉಳಿಸೋಕೆ ಸರ್ಕಾರಿ ದರ ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಟ್ಟಿರುತ್ತಾರೆ. ಅದೇ ಪತ್ರ ನಾಳೆ ಇಡೀ ಊರಿನ ಕುತ್ತಿಗೆಗೆ ಬರುತ್ತದೆ. ಕಟ್ಟೆಯ ಮೇಲಿನ ದರಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಹಾಗಾಗಿ ಬ್ಯಾಂಕ್ ಸಾಲ ಮಾಡಿ ಕೊಂಡವರ ಪತ್ರ ಹುಡುಕಿ. ಅಂಥವರು ಪೂರ್ತಿ ಬೆಲೆ ಬರೆಸಿರುವುದು ಜಾಸ್ತಿ. ನಾನು ಒಂದು ಕೇಸಿನಲ್ಲಿ ಅಂಥ ಮೂರೇ ಪತ್ರದ ಮೇಲೆ ನಿಂತಿದ್ದೆ.

ಭೂಮಿಯ ಜಾತಿಯನ್ನೂ ನೋಡಿ. ಉತಾರದಲ್ಲಿ ಖುಷ್ಕಿ (ಒಣಭೂಮಿ) ಅಂತ ಇದೆಯೋ, ತರಿ (ನೀರಾವರಿ) ಅಥವಾ ಬಾಗಾಯ್ತು (ತೋಟ) ಅಂತ ಇದೆಯೋ? ಬೋರ್‌ವೆಲ್ ಹೊಡೆಸಿ ಎಷ್ಟೋ ವರ್ಷವಾಗಿದ್ದರೂ ದಾಖಲೆಯಲ್ಲಿ ಮಳೆಯಾಶ್ರಿತ ಅಂತ ಉಳಿದಿರುತ್ತದೆ. ಹಾಗಿದ್ದರೆ ಕರೆಂಟ್ ಕನೆಕ್ಷನ್ನಿನ ಕಾಗದ, ಬೋರ್ ಹೊಡೆದವರ ಬಿಲ್ಲು, ಬೆಳೆ ಸಮೀಕ್ಷೆಯ ಹಳೆಯ ನಮೂದು ಎಲ್ಲ ಸೇರಿಸಿ. 12ನೇ ಕಾಲಮ್ಮಿನಲ್ಲಿ ಏನು ಬೆಳೆ ಬರೆದಿದ್ದಾರೆ ಅಂತ ಹತ್ತು ವರ್ಷದ ಉತಾರ ತೆಗೆದು ನೋಡಿ.

ಮಾರುಕಟ್ಟೆ ಬೆಲೆ ಸಿಕ್ಕ ಮೇಲೆ ಅದನ್ನು ಗುಣಿಸಬೇಕು. ಹಳ್ಳಿಯ ಭೂಮಿಗೆ 1ರಿಂದ 2ರ ತನಕ, ಪಟ್ಟಣದೊಳಗೆ 1. ಎಷ್ಟು ಅಂತ ರಾಜ್ಯ ಸರ್ಕಾರ ಹೇಳುತ್ತದೆ, ನಿಮ್ಮ ಐತೀರ್ಪಿನಲ್ಲಿ, ಅಂದರೆ ಪರಿಹಾರ ಇಷ್ಟು ಅಂತ ಅಧಿಕಾರಿ ಹೊರಡಿಸುವ ಆದೇಶದಲ್ಲಿ, ಎಷ್ಟು ಹಿಡಿದಿದ್ದಾರೆ ಅಂತ ನೋಡಿ. ಅದಕ್ಕೆ ಗಿಡ, ಬೋರ್‌ವೆಲ್, ಪೈಪು, ಮನೆ ಇವುಗಳ ಬೆಲೆ ಕೂಡಿಸಬೇಕು. ಆ ಒಟ್ಟಿಗೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಶೇ. 100. ನಿಮ್ಮ ಮನಸ್ಸಿಲ್ಲದೆ ಭೂಮಿ ಹೋಗುತ್ತದಲ್ಲ, ಅದಕ್ಕೆ ಕೊಡುವ ಸಮಾಧಾನದ ಹಣ ಅದು.

ನಿಮ್ಮ ಹೊಲದ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. 1 ಎಕರೆ 30 ಗುಂಟೆ ಅಂದರೆ 1.75 ಎಕರೆ. ಗುಣಕ 1.5 ಅಂತ ಇಟ್ಟುಕೊಳ್ಳೋಣ, ಗಿಡ ಮತ್ತು ಬೋರ್‌ವೆಲ್ಲಿಗೆ 3.25 ಲಕ್ಷ. ಎರಡೂ ಬರೀ ಲೆಕ್ಕಕ್ಕೆ. ಸರ್ಕಾರಿ ದರ 6 ಲಕ್ಷ ಹಿಡಿದರೆ ಭೂಮಿಗೆ 15.75 ಲಕ್ಷ, ಗಿಡ-ಬೋರ್ ಸೇರಿ 19 ಲಕ್ಷ, ಸೊಲೇಷಿಯಂ ಸೇರಿ 38 ಲಕ್ಷ. ಖರೀದಿ ಪತ್ರಗಳಿಂದ ಎಕರೆಗೆ 14 ಲಕ್ಷ ತೋರಿಸಿದಿರಿ ಅಂತಿಟ್ಟುಕೊಳ್ಳಿ. ಭೂಮಿಗೆ 36.75 ಲಕ್ಷ, ಗಿಡ-ಬೋರ್ ಸೇರಿ 40 ಲಕ್ಷ, ಸೊಲೇಷಿಯಂ ಸೇರಿ 80 ಲಕ್ಷ. ಅದೇ ಹೊಲ, ಅದೇ ಕಾಲುವೆ. ವ್ಯತ್ಯಾಸ 42 ಲಕ್ಷ. ಅದು ಸಬ್ ರಜಿಸ್ಟ್ರಾರ್ ಕಚೇರಿಯ ಕಪಾಟಿನಲ್ಲಿರುವ ನಾಲ್ಕಾರು ಪತ್ರಗಳಿಂದ ಬರುತ್ತದೆ, ಯಾರದೋ ಶಿಫಾರಸ್ಸಿನಿಂದ ಅಲ್ಲ.

ಇದರ ಮೇಲೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ. 12ರ ಹೆಚ್ಚುವರಿ ಮೊತ್ತ ಇದೆ. ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆಯಿಂದ ಐತೀರ್ಪಿನ ತನಕ, ಅಥವಾ ಭೂಮಿ ಮೊದಲೇ ವಶವಾದರೆ ಆ ದಿನದ ತನಕ. 14 ಲಕ್ಷದ ದರದಲ್ಲಿ ನಿಮ್ಮ 1.75 ಎಕರೆಯ ಬೆಲೆ 24.5 ಲಕ್ಷ, ಅದಕ್ಕೆ ವರ್ಷಕ್ಕೆ 2.94 ಲಕ್ಷ. ಇನ್ನೊಂದು ಬಾಬತ್ತು ಪುನರ್ವಸತಿಯದು, ಎರಡನೇ ಅನುಸೂಚಿಯಲ್ಲಿದೆ. ಭೂಮಿ ಕಳೆದುಕೊಂಡ ಕುಟುಂಬಕ್ಕೆ ಕೆಲಸ, ಇಲ್ಲವೇ ಒಂದೇ ಸಲಕ್ಕೆ 5 ಲಕ್ಷ, ಇಲ್ಲವೇ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ. ಇದನ್ನು ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ. ಕಲಂ 21ರ ನೋಟಿಸ್ ಬಂದಾಗ ಕೊಡುವ ಹಕ್ಕುಕೇಳಿಕೆಯಲ್ಲಿ ಎಲ್ಲವನ್ನೂ ಬರೆಯಿರಿ.

ಅಳತೆಯ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ಅಲ್ಲಿ ಕಳೆದದ್ದನ್ನು ಮತ್ತೆ ತರೋದು ಬಹಳ ಕಷ್ಟ. ಜಂಟಿ ಮೋಜಣಿಗೆ ಸರ್ವೇಯರ್, ಎಂಜಿನಿಯರ್, ತೋಟಗಾರಿಕೆಯವರು, ತಲಾಟಿ ಬರುತ್ತಾರೆ. ಈಗ ಗ್ರಾಮ ಆಡಳಿತಾಧಿಕಾರಿ ಅನ್ನಬೇಕು, ಊರಲ್ಲಿ ಇನ್ನೂ ತಲಾಟಿಯೇ. ಒಂದೇ ದಿನ ಇಪ್ಪತ್ತು ಮೂವತ್ತು ಹೊಲ ಮುಗಿಸುವ ಅವಸರ ಇರುತ್ತದೆ. ಹಿಂದೊಮ್ಮೆ ನನ್ನ ಕಕ್ಷಿದಾರರೊಬ್ಬರ ಪಂಚನಾಮೆ ಓದಿದೆ. ಅವರ ಹೊಲದಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ ಇತ್ತು. ಬೇಸಿಗೆಯಲ್ಲಿ ನೀರಿರಲಿಲ್ಲ, ಸುತ್ತ ಜಾಲಿ ಬೆಳೆದಿತ್ತು. ಪಂಚನಾಮೆಯಲ್ಲಿ ‘ಒಂದು ತಗ್ಗು’ ಅಂತ ಬರೆದಿತ್ತು. ಕೆಳಗೆ ಅವರದೇ ಸಹಿ. ಓದದೆ ಹಾಕಿದ್ದರು. ಆ ಎರಡು ಅಕ್ಷರವನ್ನು ಬಾವಿ ಮಾಡೋಕೆ ನಾವು ಮೂರು ಸಾಕ್ಷಿ ಮತ್ತು ಒಬ್ಬ ನಿವೃತ್ತ ಎಂಜಿನಿಯರ್ ತರಬೇಕಾಯಿತು.

ಹಾಗಾಗಿ ಆ ದಿನ ಇಬ್ಬರೂ ಅಣ್ಣತಮ್ಮಂದಿರು ಹೊಲದಲ್ಲಿರಿ. 11 ಮಾವಿನ ಗಿಡಕ್ಕೂ ಸುಣ್ಣದಲ್ಲಿ ನಂಬರು ಹಾಕಿ. ಪ್ರತಿ ಗಿಡದ ಪಕ್ಕ ಒಬ್ಬರು ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗಿಡದ ವಯಸ್ಸು, ಕಸಿಯೋ ನಾಟಿಯೋ, ಫಲ ಕೊಡುತ್ತದೋ ಇಲ್ಲವೋ ಬರೆಸಿ. ಬರೀ ‘ಮಾವು 11’ ಅಂದರೆ ಸಣ್ಣ ಸಸಿಗೂ ಫಲ ಕೊಡುವ ಮರಕ್ಕೂ ಒಂದೇ ಬೆಲೆ ಬಿದ್ದೀತು. ಬೋರ್‌ವೆಲ್ಲಿನ ಆಳ, ಕೇಸಿಂಗ್, ಮೋಟಾರಿನ ಎಚ್‌ಪಿ, ನೆಲದೊಳಗೆ ಹಾಕಿದ ಪೈಪಿನ ಉದ್ದ ಹೇಳಿ ಬರೆಸಿ. ಪೈಪು ಕಣ್ಣಿಗೆ ಕಾಣೋದಿಲ್ಲ, ಹಾಗಾಗಿ ಲೆಕ್ಕಕ್ಕೆ ಬರೋದಿಲ್ಲ. ತಪ್ಪು ಬರೆದಿದ್ದರೆ ಸಹಿಯ ಮೇಲೆ ‘ಪೈಪ್‌ಲೈನ್ ಬಿಟ್ಟಿದ್ದಾರೆ, ತಕರಾರು ಇದೆ’ ಅಂತ ಒಂದು ಸಾಲು ಬರೆದು ಆಮೇಲೆ ಸಹಿ ಹಾಕಿ.

14 ಗುಂಟೆಯ ತುಂಡು. ಎತ್ತು, ಟ್ರ್ಯಾಕ್ಟರ್ ಆಚೆ ಹೋಗೋಕೆ ದಾರಿ ಇಲ್ಲ, ನೀರೂ ಇಲ್ಲ. ಬೋರ್‌ವೆಲ್ ಹೋದ ಮೇಲೆ ಈ ಕಡೆಯ 3 ಎಕರೆ 8 ಗುಂಟೆಯೂ ಒಣಭೂಮಿಯೇ. ಇದಕ್ಕೆ ಕಲಂ 28 ಇದೆ. ಒಂದೇ ಹೊಲ ತುಂಡಾದದ್ದರಿಂದ ಆದ ನಷ್ಟ, ಉಳಿದ ಆಸ್ತಿಗೆ ಮತ್ತು ಗಳಿಕೆಗೆ ಬಿದ್ದ ಪೆಟ್ಟು, ವಶಕ್ಕೆ ತಗೊಳ್ಳುವಾಗ ನಿಂತ ಬೆಳೆ, ಎಲ್ಲವನ್ನೂ ಬೇರೆ ಬೇರೆ ಕೇಳಬಹುದು. ಬಹಳ ಜನ ಹೋದ ಭೂಮಿಯ ಲೆಕ್ಕ ಮಾತ್ರ ಕೇಳುತ್ತಾರೆ, ಉಳಿದ ಭೂಮಿಗೆ ಆದ ಗಾಯವನ್ನು ಕೇಳೋದಿಲ್ಲ. ನನ್ನ ಸಲಹೆ, ಎರಡು ದಾರಿ ಇಟ್ಟು ಬರೆಯಿರಿ: ಕಾಲುವೆಯ ಮೇಲೆ ಗಾಡಿ ಹೋಗುವ ಸೇತುವೆ ಮತ್ತು ಪೈಪು ದಾಟಿಸೋಕೆ ಜಾಗ ಕೊಡಿ, ಇಲ್ಲವೇ ಆ 14 ಗುಂಟೆಯನ್ನೂ ಅದೇ ದರಕ್ಕೆ ತಗೊಳ್ಳಿ. ತುಂಡಾದ ನಷ್ಟ ಬಹಳ ಕೇಳಿದ್ದಾರೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ಇಡೀ ಭೂಮಿಯನ್ನೇ ತಗೊಳ್ಳಲು ಕಲಂ 94ರಲ್ಲಿ ಅವಕಾಶ ಇದೆ. ನಾನಾದರೆ ಸೇತುವೆಯನ್ನೇ ಕೇಳುತ್ತೇನೆ. ಕಾಲುವೆಯ ಪಕ್ಕದ 14 ಗುಂಟೆಗೆ ಮುಂದೆ ಬೆಲೆ ಬರುತ್ತದೆ.

ತಡವಾದರೆ? ಪ್ರಾಥಮಿಕ ಅಧಿಸೂಚನೆಯ 12 ತಿಂಗಳಲ್ಲಿ ಭೂಮಿ ತಗೊಳ್ಳುವುದು ಖಚಿತ ಅನ್ನುವ ಕಲಂ 19ರ ಘೋಷಣೆ, ಅದಾದ 12 ತಿಂಗಳಲ್ಲಿ ಐತೀರ್ಪು ಬರಬೇಕು. ಗಡುವು ವಿಸ್ತರಿಸುವ ಅವಕಾಶ ಇದೆ, ಆದರೆ ಆದೇಶ ಬರೆದು ಮಾಡಬೇಕು. ಪೂರ್ತಿ ಪರಿಹಾರ ಕೊಟ್ಟ ಮೇಲೆಯೇ ವಶ, ಹಾಗಂತ ಕಲಂ 38 ಹೇಳುತ್ತದೆ. ಅದಕ್ಕಿಂತ ಮುಂಚೆ ಜೆಸಿಬಿ ಬಂದರೆ ಫೋಟೊ ತೆಗೆದು, ಜಿಲ್ಲಾಧಿಕಾರಿಗೆ ಬರೆದು, ಧಾರವಾಡದ ಹೈಕೋರ್ಟ್ ಪೀಠಕ್ಕೆ ರಿಟ್ ಹಾಕಲು ವಕೀಲರನ್ನು ನೋಡಿ. ಜೆಸಿಬಿ ಮುಂದೆ ಮಲಗಬೇಡಿ. ತಡಕ್ಕೆ ಬೆಲೆ ಇದೆ ಅನ್ನುವುದನ್ನು ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ ಕೇಸಿನಲ್ಲೇ ತೋರಿಸಿದೆ. ಬೆಂಗಳೂರು-ಮೈಸೂರು ಕಾರಿಡಾರಿಗೆ 2003ರಲ್ಲಿ ಅಧಿಸೂಚನೆಯಾದ ಭೂಮಿಗೆ 2019ರ ತನಕ ಐತೀರ್ಪೇ ಆಗಿರಲಿಲ್ಲ. 2025ರ ಜನವರಿಯಲ್ಲಿ ಕೋರ್ಟು 2019ರ ಬೆಲೆಯ ಮೇಲೆ ಪರಿಹಾರ ಕೊಡಿ ಅಂದಿತು. ಅದು ವಿಶೇಷ ಅಧಿಕಾರದಲ್ಲಿ ಕೊಟ್ಟ ಆದೇಶ, ಎಲ್ಲರಿಗೂ ಸಿಗುತ್ತದೆ ಅಂದುಕೊಳ್ಳಬೇಡಿ.

ಆದಾಯ ತೆರಿಗೆ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. 2013ರ ಕಾಯ್ದೆಯ ಐತೀರ್ಪಿಗೆ ಕಲಂ 96ರಲ್ಲಿ ವಿನಾಯಿತಿ ಇದೆ. ತಡಕ್ಕೆ ಬರುವ ಬಡ್ಡಿಯ ಕತೆ ಬೇರೆ, ಅದಕ್ಕೆ ಸಿಎ ಕೇಳಿ. ಇನ್ನು ‘ಹೆಚ್ಚು ಮಾಡಿಸಿಕೊಡ್ತೇವೆ, ಬಂದದ್ದರಲ್ಲಿ ಶೇಕಡಾ ಇಷ್ಟು ಕೊಡಿ’ ಅಂತ ಮನೆಗೆ ಬರುವವರಿರುತ್ತಾರೆ. ಗೆದ್ದ ಹಣದಲ್ಲಿ ಪಾಲು ಕೇಳುವುದು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷಿದ್ಧ. ವಕೀಲರಲ್ಲದವರು ಕೇಳಿದರೆ ಚಹಾ ಕೊಟ್ಟು ಕಳಿಸಿ. ನಿಮ್ಮ ಅಕ್ಕಂದಿರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ.

ಕಡೆಗೆ ಒಪ್ಪಿಗೆ ಪತ್ರ ಮತ್ತು ದುಡ್ಡು. ಒಪ್ಪಿಗೆ ಪತ್ರ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ದರ ನಿಜವಾಗಿ ಚೆನ್ನಾಗಿದ್ದರೆ, ಮನೆಯವರೆಲ್ಲ ಒಪ್ಪಿದರೆ, ಹತ್ತು ವರ್ಷದ ಕೋರ್ಟಿಗಿಂತ ಅದು ಮೇಲು. ಆದರೆ ಸಹಿ ಹಾಕಿದ ಮೇಲೆ ದರ ಜಾಸ್ತಿ ಕೇಳುವ ಬಾಗಿಲು ಮುಚ್ಚುತ್ತದೆ. ಎಕರೆಗೆ 6 ಲಕ್ಷದ ಲೆಕ್ಕಕ್ಕೆ ಆ ಬಾಗಿಲು ಮುಚ್ಚಿಕೊಳ್ಳಬೇಡಿ. ಮೊದಲು ಖರೀದಿ ಪತ್ರ ತೆಗೆಯಿರಿ, ನಿಮ್ಮ ಲೆಕ್ಕ ಏನು ಬರುತ್ತದೆ ನೋಡಿ, ಆಮೇಲೆ ಮಾತಿಗೆ ಕೂರಿ.

ದುಡ್ಡನ್ನು ವಾಪಸ್ ಕಳಿಸಿದರೆ ಕೇಸಿಗೆ ಬಲ ಬರೋದಿಲ್ಲ. ಹಣ ತಗೊಳ್ಳಿ, ಒಪ್ಪಿಕೊಂಡು ತಗೋಬೇಡಿ. ತಕರಾರು ಹೇಳದೆ ಹಣ ಪಡೆದವರು ಮುಂದೆ ಪರಿಹಾರ ಹೆಚ್ಚಿಸಿ ಅಂತ ಕಲಂ 64ರ ಅರ್ಜಿ ಹಾಕುವಂತಿಲ್ಲ ಅಂತ ಕಲಂ 77 ಸ್ಪಷ್ಟವಾಗಿ ಹೇಳುತ್ತದೆ. ಐತೀರ್ಪು ಹೇಳುವಾಗ ನೀವು ಎದುರಿಗಿದ್ದರೆ ಅಂದಿನಿಂದ ಆರು ವಾರದಲ್ಲಿ ಆ ಅರ್ಜಿ ಕೊಡಬೇಕು. ಎದುರಿಗೆ ಇರದಿದ್ದರೆ ನೋಟಿಸ್ ಸಿಕ್ಕ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲೋ ಅದು. ಸರಿಯಾದ ಕಾರಣ ಇದ್ದರೆ ಇನ್ನೊಂದು ವರ್ಷ ಸಿಗಬಹುದು, ಅದನ್ನು ನಂಬಿ ಕೂರಬೇಡಿ. ಅರ್ಜಿ ಕೊಟ್ಟ 30 ದಿನದಲ್ಲಿ ಅಧಿಕಾರಿ ಅದನ್ನು ಪ್ರಾಧಿಕಾರಕ್ಕೆ ಕಳಿಸಬೇಕು. ಕಳಿಸದಿದ್ದರೆ ನೀವೇ ಪ್ರಾಧಿಕಾರಕ್ಕೆ ಹೋಗಬಹುದು. ಅಕಸ್ಮಾತ್ ನೀವು ಅರ್ಜಿ ಕೊಡದೆ ಪಕ್ಕದ ಹೊಲದವರು ಕೊಟ್ಟು ಗೆದ್ದರೆ, ಅದೇ ಅಧಿಸೂಚನೆಯ ಭೂಮಿಯಾದ್ದರಿಂದ ಆ ತೀರ್ಪಿನ ಮೂರು ತಿಂಗಳೊಳಗೆ ನಿಮಗೂ ಅದೇ ದರ ಕೊಡಿ ಅಂತ ಕಲಂ 73ರಲ್ಲಿ ಕೇಳಬಹುದು. ಹಾಗಾಗಿ ಬದುವಿನ ಆಚೆಯವರ ಜೊತೆ ಜಗಳ ಇದ್ದರೂ ಅವರ ಕೇಸಿನ ತಾರೀಖು ಮಾತ್ರ ಕೇಳುತ್ತಿರಿ.

ನಾನು ವಕೀಲಿ ಶುರು ಮಾಡಿದ ಹೊಸದರಲ್ಲಿ, ಒಂದು ಕಚೇರಿಯಲ್ಲಿ ಪರಿಹಾರದ ಹಣ ಹಂಚುತ್ತಿದ್ದರು. ಅಚ್ಚು ಹಾಕಿದ ರಸೀದಿ, ರೆವಿನ್ಯೂ ಸ್ಟಾಂಪು, ಅದರ ಮೇಲೆ ಸಹಿ. ನನ್ನ ಜೊತೆ ಬಂದ ಅಜ್ಜ ತಕರಾರು ಬರೆಯುತ್ತೇನೆ ಅಂದರು. ‘ಇಲ್ಲಿ ಜಾಗ ಇಲ್ಲ’ ಅಂದರು ಗುಮಾಸ್ತರು. ಅಜ್ಜ ರಸೀದಿ ತಿರುಗಿಸಿದರು, ಹಿಂದೆ ಪೂರ್ತಿ ಖಾಲಿ ಇತ್ತು. ಆದರೆ ಹಿಂದೆ ಬರೆದದ್ದನ್ನು ಯಾರೂ ನೋಡೋದಿಲ್ಲ ಅಂತ ಅವರಿಗೇ ಅನ್ನಿಸಿತು. ಮತ್ತೆ ಮುಂದಕ್ಕೆ ತಿರುಗಿಸಿ, ಸ್ಟಾಂಪಿನ ಅಂಚಿಗೆ ಹತ್ತಿದಂತೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದು ಆಮೇಲೆ ಸಹಿ ಹಾಕಿದರು. ಆ ಒಂದು ಸಾಲಿನ ಮೇಲೆ ಕೇಸು ನಿಂತಿತು. ನೀವೂ ಅದನ್ನೇ ಬರೆಯಿರಿ, ರಸೀದಿಯಲ್ಲೂ, ಅದೇ ದಿನ ಟಪಾಲಿಗೆ ಕೊಡುವ ಬೇರೆ ಅರ್ಜಿಯಲ್ಲೂ: ‘ಐತೀರ್ಪಿನ ಮೊತ್ತಕ್ಕೆ ನನ್ನ ಒಪ್ಪಿಗೆ ಇಲ್ಲ. ಹೆಚ್ಚಿನ ಪರಿಹಾರ ಕೇಳುವ ಹಕ್ಕನ್ನು ಉಳಿಸಿಕೊಂಡು, ತಕರಾರಿನೊಂದಿಗೆ ಈ ಹಣ ಪಡೆದಿದ್ದೇನೆ.’ ಪಾಲುದಾರರು ಎಷ್ಟು ಜನ ಇದ್ದೀರೋ ಅಷ್ಟೂ ಜನ ಬರೆಯಬೇಕು, ಅಕ್ಕಂದಿರೂ ಸೇರಿ. ತಾರೀಖು ಹಾಕುವುದನ್ನು ಮರೆಯಬೇಡಿ.